ಗಿಯು ಮತ್ತು ಶಿನೋಬು: ಎರಡು ಪೋಷಕ ಪಾತ್ರಗಳನ್ನು ಹೋಲಿಸಿ ಬರೆಯುವುದು ಹೇಗೆ?

‘ಡೀಮನ್ ಸ್ಲೇಯರ್’ ಅನ್ನುವ ಜಪಾನಿ ಅನಿಮೆ (ಕಾರ್ಟೂನ್ ಸೀರೀಸ್) ನೋಡಿದ ಇಬ್ಬರು ಒಂದು ಕಡೆ ಸಿಕ್ಕರೆ ಮಾತು ಬೇಗನೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಯಾರ ಕೈ ಮೇಲು? ಗಿಯು ಗೆಲ್ತಾನಾ, ಶಿನೋಬು ಗೆಲ್ತಾಳಾ? ಇಲ್ಲಿಂದ ಹೋಲಿಕೆ ಶುರು ಮಾಡಿದರೆ ಅದು ಎರಡು ಸಾಲಲ್ಲೇ ಮುಗಿದುಹೋಗುತ್ತದೆ. ಗೆದ್ದವರು ಯಾರೆಂದು ಹೇಳಿಬಿಟ್ಟ ಮೇಲೆ ಹೇಳುವುದಕ್ಕೆ ಇನ್ನೇನು ಉಳಿಯುತ್ತದೆ?

ಈ ಇಬ್ಬರ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಇಬ್ಬರೂ ತೀರಿಹೋದವರ ಬಟ್ಟೆಯನ್ನು ಮೈಮೇಲೆ ಹಾಕಿಕೊಂಡೇ ಓಡಾಡುತ್ತಾರೆ. ಮೊದಲ ಸಲ ನೋಡುವಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೇ ಸಲ ನೋಡುವಾಗ ಬಿತ್ತು, ಆಮೇಲೆ ಇಬ್ಬರ ಪ್ರತಿ ದೃಶ್ಯವೂ ಬೇರೆ ಥರ ಕಾಣತೊಡಗಿತು. ಅಂಥ ಒಂದು ಎಳೆಯನ್ನು ಹುಡುಕಿ, ಅದನ್ನು ಹಿಡಿದು ಹೋಲಿಕೆ ಬರೆಯುವುದು ಹೇಗೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ಕೊನೆಯ ಭಾಗದಲ್ಲಿ 2025ರ ಸಿನಿಮಾದ ಮತ್ತು ಮೂಲ ಮಾಂಗಾದ, ಅಂದರೆ ಜಪಾನಿ ಕಾಮಿಕ್ಸಿನ, ಕೊನೆಯ ಸಂಗತಿಗಳು ಬರುತ್ತವೆ. ಅಲ್ಲಿ ಮತ್ತೊಮ್ಮೆ ಎಚ್ಚರಿಸುತ್ತೇನೆ.

1. ಜೋಡಿ ಸರಿಯಾಗಿರಲಿ

ಏನೂ ಸಂಬಂಧವಿಲ್ಲದ ಇಬ್ಬರನ್ನು ಪಕ್ಕಪಕ್ಕ ಇಟ್ಟರೆ ‘ಅವನು ಹಾಗೆ, ಇವನು ಹೀಗೆ’ ಅನ್ನುವುದು ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಅರ್ಧ ದಾರಿ ಜೊತೆಗೆ ನಡೆದು, ಆಮೇಲೆ ಬೇರೆಯಾದವರು ಬೇಕು.

ಗಿಯು ತೊಮಿಯೊಕಾ, ಶಿನೋಬು ಕೊಚೊ ಅಂಥ ಜೋಡಿ. ಇಬ್ಬರೂ ರಾಕ್ಷಸರನ್ನು ಬೇಟೆಯಾಡುವ ದಳದ ಹಾಶಿರಾಗಳು. ಹಾಶಿರಾ ಅಂದರೆ ಕಂಬ. ಇಡೀ ದಳದ ಭಾರ ಹೊತ್ತ ಒಂಬತ್ತು ಜನರಲ್ಲಿ ಇವರಿಬ್ಬರು. ಅವನಿಗೆ 21 ವರ್ಷ, ಅವಳಿಗೆ 18. ಇಬ್ಬರೂ ಅಕ್ಕನನ್ನು ರಾಕ್ಷಸರಿಂದ ಕಳೆದುಕೊಂಡವರು. ಕತ್ತಿವಿದ್ಯೆಯಲ್ಲೂ ನಂಟಿದೆ. ಈ ಕತೆಯಲ್ಲಿ ಕತ್ತಿವರಸೆಯ ಶೈಲಿಗಳಿಗೆ ‘ಉಸಿರಾಟ’ ಅಂತಲೇ ಹೆಸರು. ಅವನದು ನೀರಿನ ಉಸಿರಾಟ. ಅದರಿಂದ ಹೂವಿನ ಉಸಿರಾಟ ಕವಲೊಡೆಯಿತು, ಹೂವಿನದರಿಂದ ಶಿನೋಬುವಿನ ಕೀಟದ ಉಸಿರಾಟ ಬಂತು. ಒಂದೇ ಮರದ ಬುಡ ಮತ್ತು ತುದಿಯ ಕೊಂಬೆ ಇದ್ದ ಹಾಗೆ.

2. ಎಲ್ಲವನ್ನೂ ಮತ್ತೆ ನೋಡಬೇಡಿ

ಕೊಯೊಹಾರು ಗೊತೋಗೆ ಅವರ ಮಾಂಗಾ 2016ರಿಂದ 2020ರವರೆಗೆ ವಾರವಾರ ಬಂತು. ಒಟ್ಟು 205 ಅಧ್ಯಾಯ, 23 ಸಂಪುಟ. ಯೂಫೋಟೇಬಲ್ ಸ್ಟುಡಿಯೋದ ಅನಿಮೆ 2019ರಲ್ಲಿ ಶುರುವಾಯಿತು. ಎಲ್ಲವನ್ನೂ ಹರಡಿಕೊಂಡು ಕೂತರೆ ಬರೆಯುವ ಉತ್ಸಾಹವೇ ಹೋಗಿಬಿಡುತ್ತದೆ. ಈ ಇಬ್ಬರಿಗೆ ಇಷ್ಟು ಸಾಕು: ಮೊದಲ ಸೀಸನ್‌ನ 1ನೇ ಎಪಿಸೋಡ್, ನತಗುಮೊ ಬೆಟ್ಟದ ಭಾಗ, ಅಂದರೆ 15ರಿಂದ 21, ಅದರ ಬೆನ್ನಿಗೇ ಬರುವ ಹಾಶಿರಾಗಳ ಸಭೆ ಮತ್ತು ಶಿನೋಬು ಇರುವ ಚಿಟ್ಟೆ ಮನೆಯ ಎಪಿಸೋಡುಗಳು, 2024ರ ಹಾಶಿರಾ ತರಬೇತಿ ಸೀಸನ್‌ನ ಮೊದಲೆರಡು ಎಪಿಸೋಡ್, ಕೊನೆಗೆ 2025ರ ಇನ್ಫಿನಿಟಿ ಕ್ಯಾಸಲ್ ಸಿನಿಮಾ.

ನೋಟ್‌ಬುಕ್ಕಿನ ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಅವನು, ಬಲಕ್ಕೆ ಅವಳು. ಒಂದೇ ನಿಯಮ: ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಿರಿ. ‘ಗಿಯು ತಣ್ಣಗಿನ ಮನುಷ್ಯ’ ಅಂತ ಬರೆಯಬೇಡಿ. ‘ಸಭೆಯಲ್ಲಿ ಎಲ್ಲರಿಂದ ದೂರ ಒಬ್ಬನೇ ನಿಂತಿದ್ದಾನೆ’ ಅಂತ ಬರೆಯಿರಿ. ತೀರ್ಪು ಆಮೇಲೆ ತಾನಾಗೇ ಬರುತ್ತದೆ. ಮೊದಲೇ ಬರೆದಿಟ್ಟರೆ ಆ ತೀರ್ಪಿಗೆ ಒಪ್ಪುವುದಷ್ಟೇ ನಿಮ್ಮ ಕಣ್ಣಿಗೆ ಕಾಣುತ್ತದೆ.

3. ಇಬ್ಬರೂ ಒಟ್ಟಿಗಿರುವ ದೃಶ್ಯದಿಂದ ಶುರು ಮಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಒಂದೇ ಜಾಗದಲ್ಲಿ, ಒಂದೇ ಸಂಕಟದ ಎದುರು ಇಬ್ಬರೂ ನಿಂತಾಗ ಏನು ಮಾಡುತ್ತಾರೆ ಅಂತ ನೋಡಿ. ನಮ್ಮ ಜೋಡಿಗೆ ಅದು ನತಗುಮೊ ಬೆಟ್ಟ.

ಜೇಡ ರಾಕ್ಷಸ ರೂಯಿ ಸತ್ತಿದ್ದಾನೆ. ಕತೆಯ ನಾಯಕ ತಂಜಿರೊ ನೆಲದ ಮೇಲೆ ಬಿದ್ದಿದ್ದಾನೆ, ಅವನ ತೋಳಿನಡಿ ರಾಕ್ಷಸಿಯಾದ ತಂಗಿ ನೆಝುಕೊ. ಅಲ್ಲಿಗೆ ಶಿನೋಬು ಹಾರಿ ಬರುತ್ತಾಳೆ. ನೆಝುಕೊ ಕಡೆಗೆ ಬಂದ ಅವಳ ಕತ್ತಿಯನ್ನು ಗಿಯು ತಡೆಯುತ್ತಾನೆ. ಈಗ ಮಾತುಗಳನ್ನು ಕೇಳಿ. ಶಿನೋಬು ತಂಜಿರೊಗೆ ಚಿಕ್ಕ ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳುತ್ತಾಳೆ: ನೀನು ಕಾಪಾಡುತ್ತಿರುವುದು ರಾಕ್ಷಸಿಯನ್ನು, ಅಪಾಯ, ದೂರ ಸರಿ. ಅವಳು ನನ್ನ ತಂಗಿ ಅಂತ ಅವನು ಅಂದಾಗ ‘ಅಯ್ಯೋ ಪಾಪ’ ಅನ್ನುತ್ತಾಳೆ. ಹಾಗಾದರೆ ನೋವಾಗದ ಹಾಗೆ ಸೌಮ್ಯವಾದ ವಿಷ ಕೊಟ್ಟು ಕೊಲ್ಲುತ್ತೇನೆ ಅನ್ನುತ್ತಾಳೆ. ದನಿ ಒಂದಿಷ್ಟೂ ಏರುವುದಿಲ್ಲ.

ಗಿಯುಗೆ ಸಮಾಧಾನದ ಒಂದು ಪದವೂ ಬರುವುದಿಲ್ಲ. ಮೈಯಲ್ಲಿ ಶಕ್ತಿ ಇದೆಯಾ ಅಂತ ಕೇಳುತ್ತಾನೆ. ಇಲ್ಲದಿದ್ದರೂ ಎದ್ದೇಳು, ತಂಗಿಯನ್ನು ಕರೆದುಕೊಂಡು ಓಡು ಅನ್ನುತ್ತಾನೆ. ಅಷ್ಟೇ.

ಇಲ್ಲಿ ನಿಮ್ಮ ಎರಡೂ ಕಾಲಂಗಳನ್ನು ನೋಡಿ. ಅವಳ ಮಾತಿನಲ್ಲಿ ಬೆಲ್ಲ, ಕೈಯಲ್ಲಿ ವಿಷ. ಅವನ ಮಾತು ಒರಟು, ಆದರೆ ಜೀವ ಉಳಿಸುತ್ತಿರುವವನು ಅವನೇ. 1ನೇ ಎಪಿಸೋಡಿಗೆ ಹೋಗಿ ಹೊಂದಿಸಿ ನೋಡಿ. ತಂಗಿಯನ್ನು ಕೊಲ್ಲಬೇಡಿ ಅಂತ ಹಿಮದಲ್ಲಿ ಮಂಡಿಯೂರಿ ಬೇಡುತ್ತಿದ್ದ ತಂಜಿರೊಗೆ ಗಿಯು ಬೈದದ್ದು ಎಷ್ಟು ಕಠಿಣವಾಗಿ, ಅಲ್ವಾ? ಆದರೆ ಅದೇ ಹೊತ್ತಿನಲ್ಲಿ ಅವನ ಮನಸ್ಸಿನೊಳಗಿನ ಮಾತೂ ನಮಗೆ ಕೇಳುತ್ತದೆ. ಅರ್ಧ ದಿನ ಮೊದಲು ಬಂದಿದ್ದರೆ ಈ ಹುಡುಗನ ಮನೆಯವರು ಬದುಕುತ್ತಿದ್ದರು ಅಂತ ಅವನು ಒಳಗೇ ಕೊರಗುತ್ತಾನೆ. ಆ ಕೊರಗು ಬಾಯಿಗೆ ಬರುವುದೇ ಇಲ್ಲ.

ಬೆಟ್ಟದ ಜಗಳದಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ, ಬಿಡಬೇಡಿ. ಗಿಯು ಅವಳನ್ನು ಅಲುಗಾಡದ ಹಾಗೆ ಹಿಡಿದಿಟ್ಟಿದ್ದಾನೆ. ಅವಳ ಚಪ್ಪಲಿಯ ಹಿಮ್ಮಡಿಯಲ್ಲಿ ಒಂದು ಅಲಗು ಅಡಗಿದೆ, ಅದನ್ನು ಹೊರತೆಗೆಯುತ್ತಾಳೆ. ಅಷ್ಟರಲ್ಲಿ ದಳದ ಕಾಗೆ ಬಂದು, ಅಣ್ಣತಂಗಿಯನ್ನು ಹಿಡಿದು ತರಬೇಕು ಅಂತ ಆಜ್ಞೆ ಕೂಗುತ್ತದೆ. ಇಬ್ಬರೂ ತಕ್ಷಣ ನಿಲ್ಲಿಸುತ್ತಾರೆ. ಯಾವಾಗಲೂ ನಗುತ್ತಿರುವ ಹುಡುಗಿ ಕಾಲಡಿಯಲ್ಲೂ ಒಂದು ಕತ್ತಿ ಇಟ್ಟುಕೊಂಡಿದ್ದಾಳೆ. ನನಗೆ ಅವಳ ಬಗ್ಗೆ ಪುಟಗಟ್ಟಲೆ ವಿವರಣೆಗಿಂತ ಈ ಒಂದು ಅಲಗೇ ಜಾಸ್ತಿ ಹೇಳಿತು.

4. ಬಟ್ಟೆಯನ್ನು ಓದಿ

ಅನಿಮೆಯಲ್ಲಿ ಬಟ್ಟೆ ಸುಮ್ನೆ ಚಂದಕ್ಕೆ ಇರುವುದಿಲ್ಲ. ಸಮವಸ್ತ್ರದ ಮೇಲೆ ಹಾಕುವ ಹಾವೊರಿ ಅನ್ನುವ ಮೇಲಂಗಿಯನ್ನು ಗಮನಿಸಿ.

ಗಿಯು ಹಾವೊರಿ ಎರಡು ತುಂಡು ಬಟ್ಟೆ ಸೇರಿಸಿ ಹೊಲಿದದ್ದು. ಒಂದು ಅರ್ಧ ಬರೀ ಕಡುಗೆಂಪು. ಅದು ಅಕ್ಕ ತ್ಸುತಾಕೊಳದು. ಮದುವೆಯ ಹಿಂದಿನ ದಿನ, ತಮ್ಮನನ್ನು ಬಚ್ಚಿಟ್ಟು ತಾನು ರಾಕ್ಷಸನಿಗೆ ಬಲಿಯಾದವಳು. ಇನ್ನೊಂದು ಅರ್ಧದಲ್ಲಿ ಹಳದಿ, ಹಸಿರು, ಕಿತ್ತಳೆ ಬಣ್ಣದ ಜ್ಯಾಮಿತೀಯ ಚಿತ್ತಾರ. ಅದು ಗೆಳೆಯ ಸಬಿತೊನದು. ಇಬ್ಬರೂ ಗುರು ಉರೊಕೊದಾಕಿಯ ಬಳಿ ಕಲಿತು, 13ನೇ ವಯಸ್ಸಿನಲ್ಲಿ ಒಟ್ಟಿಗೆ ದಳದ ಕೊನೆಯ ಪರೀಕ್ಷೆಗೆ ಹೋದರು. ಗಿಯು ಮೊದಲೇ ಗಾಯಗೊಂಡು ಬಿದ್ದ. ಪರೀಕ್ಷೆ ನಡೆದ ಬೆಟ್ಟದ ರಾಕ್ಷಸರನ್ನು ಹೆಚ್ಚು ಕಡಿಮೆ ಸಬಿತೊ ಒಬ್ಬನೇ ಮುಗಿಸಿದ. ಆ ವರ್ಷ ಎಲ್ಲರೂ ಬದುಕಿ ಬಂದರು, ಸಬಿತೊ ಒಬ್ಬನನ್ನು ಬಿಟ್ಟು.

ಶಿನೋಬುವಿನ ಹಾವೊರಿ ಚಿಟ್ಟೆಯ ರೆಕ್ಕೆಯ ಹಾಗಿದೆ. ಅದು ಅಕ್ಕ ಕನಾಎಯದು. ಕನಾಎ ಹೂವಿನ ಹಾಶಿರಾ ಆಗಿದ್ದಳು. ಮನುಷ್ಯರೂ ರಾಕ್ಷಸರೂ ಗೆಳೆಯರಾಗುವ ದಿನ ಬರಬೇಕು ಅನ್ನುವುದು ಅವಳ ಕನಸು. ಅವಳನ್ನು ಕೊಂದವನೂ ಒಬ್ಬ ರಾಕ್ಷಸನೇ. ಸಾಯುವಾಗ ತಂಗಿಗೆ, ದಳ ಬಿಟ್ಟುಬಿಡು, ಮುದುಕಿಯಾಗುವ ತನಕ ಬದುಕು ಅಂದಿದ್ದಳು. ಶಿನೋಬು ಬಿಡಲಿಲ್ಲ.

ಈಗ ಸಿಕ್ಕಿತು ನೋಡಿ ವ್ಯತ್ಯಾಸ. ಗಿಯು ಇಬ್ಬರ ಬಟ್ಟೆಯನ್ನು ಅರ್ಧರ್ಧ ಹೊಲಿದು ಹಾಕಿಕೊಂಡಿದ್ದಾನೆ, ತನ್ನದು ಅಂತ ಅದರಲ್ಲಿ ಒಂದು ಎಳೆಯೂ ಇಲ್ಲ. ಸಾಯಬೇಕಾಗಿದ್ದವನು ನಾನು, ಈ ಜಾಗ ನನ್ನದಲ್ಲ ಅನ್ನುವುದು ಅವನ ನಂಬಿಕೆ. ಶಿನೋಬು ಅಕ್ಕನ ಬಟ್ಟೆಯ ಜೊತೆ ಅಕ್ಕನ ನಗುವನ್ನೂ ತೊಟ್ಟಳು. ಹಳೆಯ ದೃಶ್ಯಗಳಲ್ಲಿ ಅವಳು ಮುಖ ಗಂಟಿಕ್ಕಿಕೊಂಡ, ಮೂಗಿನ ತುದಿಯಲ್ಲೇ ಕೋಪ ಇರುವ ಹುಡುಗಿ. ನಗುತ್ತಿದ್ದವಳು ಕನಾಎ. ಗಿಯು ತನ್ನನ್ನು ಇಲ್ಲವಾಗಿಸಿಕೊಂಡ. ಶಿನೋಬು ತನ್ನ ಜಾಗದಲ್ಲಿ ಅಕ್ಕನನ್ನು ಇಟ್ಟಳು.

5. ನೀನು, ನೀವು: ಕನ್ನಡದವರಿಗೆ ಸುಲಭವಾದ ಹೆಜ್ಜೆ

ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ನೋಡಿದರೆ ಒಂದು ದೊಡ್ಡ ಸಂಗತಿ ಕೈತಪ್ಪುತ್ತದೆ. 2025ರ ಸಿನಿಮಾ ನಮ್ಮಲ್ಲಿ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಬಂದಿದ್ದರೆ ಈ ಪಾತ್ರಗಳ ಮಾತು ನಮಗೆ ಎಷ್ಟು ಚೆನ್ನಾಗಿ ತಾಗುತ್ತಿತ್ತು ಅಂತ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಯಾಕೆಂದರೆ ಜಪಾನಿ ಭಾಷೆಯಲ್ಲೂ ನಮ್ಮ ಹಾಗೆ ಮರ್ಯಾದೆಯ ಮಾತು, ಸಲಿಗೆಯ ಮಾತು ಬೇರೆ ಬೇರೆ.

ಜಪಾನಿ ದನಿಯಲ್ಲೇ ಇಟ್ಟು ಕೇಳಿ. ಶಿನೋಬು ಅವನನ್ನು ‘ತೊಮಿಯೊಕಾ-ಸಾನ್’ ಅನ್ನುತ್ತಾಳೆ. ವಾಕ್ಯದ ಕೊನೆಯಲ್ಲಿ ‘ದೆಸು’, ‘ಮಸು’ ಬರುತ್ತಲೇ ಇರುತ್ತದೆ. ಅಂದರೆ ನಮ್ಮ ‘ನೀವು’, ‘ಬನ್ನಿ’, ‘ಹೇಳಿ’ ಇದ್ದ ಹಾಗೆ. ತಾನು ಕೊಲ್ಲಲಿರುವ ಜೇಡ ರಾಕ್ಷಸಿಯ ಜೊತೆಗೂ ಅದೇ ಮರ್ಯಾದೆ. ಗೆಳತಿಯರಾಗೋಣ ಅನ್ನುತ್ತಾಳೆ. ಎಷ್ಟು ಜನರನ್ನು ಕೊಂದಿದ್ದೀರಿ ಅಂತ ವಿಚಾರಿಸುತ್ತಾಳೆ. ಐದು ಜನ ಅಂದಾಗ, ಸುಳ್ಳು, ಎಂಬತ್ತು ಜನ ಅಂತ ಲೆಕ್ಕ ಒಪ್ಪಿಸುತ್ತಾಳೆ. ಸತ್ತವರ ಪಾಲಿನ ಶಿಕ್ಷೆ ಅನುಭವಿಸಿದರೆ ಗೆಳೆತನ ಆಗಬಹುದು ಅಂತ ಆ ಶಿಕ್ಷೆಯ ವಿವರ ಕೊಡುತ್ತಾಳೆ, ಅದೂ ಅದೇ ನಯವಾದ ದನಿಯಲ್ಲಿ.

ಗಿಯು ಅವಳನ್ನು ಬರೀ ‘ಕೊಚೊ’ ಅನ್ನುತ್ತಾನೆ. ಮಾತು ತುಂಡು ತುಂಡು. ಬೆಟ್ಟದಲ್ಲಿ ಅವಳು, ಅದಕ್ಕೇ ಎಲ್ಲರೂ ನಿಮ್ಮನ್ನು ದ್ವೇಷಿಸುತ್ತಾರೆ ಅಂದಾಗ ಅವನ ಉತ್ತರ, ನನ್ನನ್ನು ಯಾರೂ ದ್ವೇಷಿಸುವುದಿಲ್ಲ. ಆಮೇಲೆ ವಿವರಿಸಲು ಹೋಗಿ ಎರಡು ವರ್ಷದ ಹಿಂದಿನ ಕತೆಯನ್ನು ಮೊದಲಿಂದ ತೆಗೆಯುತ್ತಾನೆ. ಎಷ್ಟು ಹೇಳಬೇಕು, ಎಲ್ಲಿಂದ ಹೇಳಬೇಕು ಅನ್ನುವುದು ಅವನಿಗೆ ನಿಜವಾಗಲೂ ಗೊತ್ತಾಗುವುದಿಲ್ಲ.

ಹಾಶಿರಾ ತರಬೇತಿಯ ಶುರುವಿನಲ್ಲಿ ಇದು ಇನ್ನೂ ಸ್ಪಷ್ಟ. ಸಭೆಯಿಂದ ಎದ್ದು ಹೊರಡುವಾಗ, ನಾನು ನಿಮ್ಮ ಹಾಗಲ್ಲ ಅನ್ನುತ್ತಾನೆ. ಉಳಿದವರಿಗೆ ಅದು ಸೊಕ್ಕಿನ ಮಾತಾಗಿ ಕೇಳುತ್ತದೆ. ಅವನ ಮನಸ್ಸಿನಲ್ಲಿ ಇದ್ದದ್ದು, ನಿಮ್ಮ ಸಾಲಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲ ಅಂತ. ಕಾರಣ ಹೇಳಿ, ನಿಮ್ಮ ಮಾತು ಸಾಲದು ಅಂತ ಶಿನೋಬು ಅಲ್ಲೇ ಹೇಳುತ್ತಾಳೆ. ಅವಳಲ್ಲಿ ಪದಗಳಿಗೆ ಬರವಿಲ್ಲ, ಆದರೆ ಆ ಪದಗಳ ಹಿಂದೆ ಮನಸ್ಸು ಅಡಗಿದೆ. ಇವನಲ್ಲಿ ಅಡಗಿಸುವ ಉದ್ದೇಶವೇ ಇಲ್ಲ, ಪದಗಳೇ ಇಲ್ಲ.

6. ಕತ್ತಿ, ಮೈಕಟ್ಟು

ಇದನ್ನು ಬೇಗ ಮುಗಿಸಿ. ಅಧಿಕೃತ ವಿವರಗಳಲ್ಲಿ ಎತ್ತರ, ತೂಕ, ಹುಟ್ಟಿದ ದಿನ, ಇಷ್ಟದ ತಿಂಡಿ ಎಲ್ಲ ಸಿಗುತ್ತದೆ. ಕತೆಗೆ ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳಿ. ಗಿಯುಗೆ ಸಾಲ್ಮನ್ ಮೀನು ಹಾಕಿದ ಮೂಲಂಗಿ ಇಷ್ಟ ಅನ್ನುವುದು ಮುದ್ದಾಗಿದೆ, ಹೋಲಿಕೆಗೆ ಬೇಕಿಲ್ಲ. ಶಿನೋಬು 151 ಸೆಂಟಿಮೀಟರ್ ಎತ್ತರ, 37 ಕಿಲೋ ತೂಕ ಅನ್ನುವುದು ಬೇಕು. ಆ ಮೈಯಲ್ಲಿ ರಾಕ್ಷಸನ ಕುತ್ತಿಗೆ ಕಡಿಯುವ ಬಲವಿಲ್ಲ. ಅದಕ್ಕೇ ಅವಳ ಕತ್ತಿ ಕೀಟದ ಕೊಂಡಿಯ ಹಾಗೆ ಸಪೂರ, ತುದಿಯಿಂದ ವಿಸ್ಟೀರಿಯಾ ಹೂವಿನ ವಿಷ ಚುಚ್ಚುವಂಥದ್ದು. ಗಿಯು ತನ್ನ ವಿದ್ಯೆಯ ಹತ್ತು ವರಸೆಗಳಿಗೆ ತಾನೇ ಹನ್ನೊಂದನೆಯದನ್ನು ಸೇರಿಸಿದ. ಹೆಸರು ‘ನಾಗಿ’, ಗಾಳಿ ನಿಂತ ಕಡಲಿನ ಶಾಂತಿ. ರೂಯಿಯ ದಾರಗಳೆಲ್ಲ ಅವನ ಹತ್ತಿರ ಬಂದು ತುಂಡಾಗಿ ಬೀಳುತ್ತವೆ. ಅವಳು ಚುಚ್ಚುತ್ತಾಳೆ, ಅವನು ಬಂದದ್ದನ್ನು ನಿಲ್ಲಿಸುತ್ತಾನೆ.

7. ಮೂರನೆಯವರನ್ನು ಅಳತೆಗೋಲು ಮಾಡಿ

ಒಬ್ಬನೇ ವ್ಯಕ್ತಿ ಇಬ್ಬರನ್ನೂ ಮಾತಾಡಿಸುವ ದೃಶ್ಯ ಹುಡುಕಿ. ಇಲ್ಲಿ ಅವನು ತಂಜಿರೊ. ಅವನ ಮೂಗು ಮನಸ್ಸಿನ ವಾಸನೆಯನ್ನೂ ಹಿಡಿಯುತ್ತದೆ.

ಚಿಟ್ಟೆ ಮನೆಯ ಮಾಡಿನ ಮೇಲೆ ಒಂದು ರಾತ್ರಿ ಅವನು ಶಿನೋಬುವನ್ನು ನೇರವಾಗಿ ಕೇಳುತ್ತಾನೆ: ನಿಮಗೆ ಕೋಪ ಬಂದಿದೆಯಾ? ಯಾವಾಗಲೂ ನಗುತ್ತೀರಿ, ಆದರೆ ನಿಮ್ಮಿಂದ ಸದಾ ಕೋಪದ ವಾಸನೆ ಬರುತ್ತದೆ. ಅವಳು ಒಂದು ಗಳಿಗೆ ಸುಮ್ಮನಾಗುತ್ತಾಳೆ. ಹೌದು, ಇರಬಹುದು ಅನ್ನುತ್ತಾಳೆ. ಅಕ್ಕನ ಕನಸನ್ನು ಹೊತ್ತು ತನಗೆ ದಣಿವಾಗಿದೆ ಅಂತ ಅವಳು ಹೇಳಿಕೊಳ್ಳುವುದು ಇಲ್ಲೇ. ಆ ಕನಸನ್ನು ಅವನ ಕೈಗೆ ಒಪ್ಪಿಸುತ್ತಾಳೆ.

ಗಿಯು ಹತ್ತಿರ ಬಾಯಿ ಬಿಡಿಸಲು ತಂಜಿರೊಗೆ ನಾಲ್ಕು ದಿನ ಬೇಕಾಯಿತು. ಹೋದಲ್ಲೆಲ್ಲ ಹಿಂದೆ ಹಿಂದೆ ಸುತ್ತಿದ. ಕೊನೆಗೆ ಗಿಯು ಬೇಸತ್ತು ಸಬಿತೊ ಕತೆ ಹೇಳಿದ. ತಂಜಿರೊ ಯೋಚಿಸಿ ಕೇಳಿದ್ದು ಒಂದೇ ಪ್ರಶ್ನೆ: ಸಬಿತೊ ಒಪ್ಪಿಸಿ ಹೋದದ್ದನ್ನು ನೀವು ಮುಂದಕ್ಕೆ ಒಯ್ಯುವುದಿಲ್ಲವಾ? ಆ ಮಾತಿಗೆ, ಹಿಂದೆ ಸಬಿತೊ ಹೊಡೆದಿದ್ದ ಕೆನ್ನೆಯೇಟು ಗಿಯುಗೆ ನೆನಪಾಗುತ್ತದೆ. ನೋವಾಗುತ್ತದೆ ಅಂತ ಅವನು ಆ ನೆನಪನ್ನೇ ಮುಚ್ಚಿಟ್ಟಿದ್ದ.

ಎರಡು ದೃಶ್ಯಗಳನ್ನೂ ಅಕ್ಕಪಕ್ಕ ಬರೆದು ನೋಡಿ. ಅವಳು ಹೊತ್ತದ್ದನ್ನು ಕೆಳಗಿಡುತ್ತಾಳೆ. ಅವನು ಕೆಳಗಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ನನ್ನ ಪ್ರಕಾರ ಇಡೀ ಹೋಲಿಕೆಯ ಜೀವ ಇರುವುದು ಇಲ್ಲಿ.

8. ಕೊನೆಯನ್ನೂ ಸೇರಿಸಿಕೊಳ್ಳಿ (ಸಿನಿಮಾ ನೋಡದವರು 9ಕ್ಕೆ ಹೋಗಿ)

ತನ್ನ ಅಕ್ಕನನ್ನು ಕೊಂದ ರಾಕ್ಷಸ ದೋಮಾನ ಎದುರು ಶಿನೋಬು ನಿಲ್ಲುತ್ತಾಳೆ. ಅವನೂ ಸದಾ ನಗುವವನು, ಆದರೆ ಆ ನಗುವಿನ ಹಿಂದೆ ಏನೂ ಇಲ್ಲ. ಅವಳ ನಗು ಇಲ್ಲಿ ಕಳಚಿ ಬೀಳುತ್ತದೆ. ಹೌದು ತಂಜಿರೊ, ನನಗೆ ಯಾವಾಗಲೂ ಕೋಪವೇ ಇತ್ತು ಅಂತ ಮನಸ್ಸಿನಲ್ಲೇ ಆ ಮಾಡಿನ ಮೇಲಿನ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತಾಳೆ. ದೋಮಾ ಅವಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತಾನೆ. ಅವಳ ಯೋಜನೆಯೂ ಅದೇ ಅಂತ ಮಾಂಗಾದಲ್ಲಿ ಮುಂದೆ ಗೊತ್ತಾಗುತ್ತದೆ. ಒಂದು ವರ್ಷಕ್ಕೂ ಜಾಸ್ತಿ ಕಾಲ ವಿಸ್ಟೀರಿಯಾ ವಿಷ ಸೇವಿಸಿ, ತನ್ನ 37 ಕಿಲೋ ಮೈಯನ್ನೇ ವಿಷವಾಗಿಸಿಕೊಂಡಿದ್ದಳು.

ಗಿಯು ಅಕಾಜ ಅನ್ನುವ ರಾಕ್ಷಸನ ಎದುರು ನಿಂತಾಗ ಆ ರಾಕ್ಷಸ ಅವನ ಹೆಸರು ಕೇಳುತ್ತಾನೆ. ನನಗೆ ಮಾತಾಡುವುದು ಇಷ್ಟವಿಲ್ಲ, ಮಾತಾಡಿಸಬೇಡ ಅನ್ನುತ್ತಾನೆ ಗಿಯು. ತಂಜಿರೊ ಪ್ರಜ್ಞೆ ತಪ್ಪಿದಾಗ ಅವನ ಮುಂದೆ ಅಡ್ಡ ನಿಂತು, ಅವನನ್ನು ಮುಟ್ಟಬೇಕಾದರೆ ಮೊದಲು ನನ್ನನ್ನು ಸೋಲಿಸು ಅನ್ನುತ್ತಾನೆ. ತಮ್ಮನನ್ನು ಬಚ್ಚಿಟ್ಟ ಅಕ್ಕ, ಗೆಳೆಯನನ್ನು ಕಾಪಾಡಿದ ಸಬಿತೊ ನಿಂತಿದ್ದ ಜಾಗದಲ್ಲಿ ಈಗ ಅವನು ನಿಂತಿದ್ದಾನೆ. ಮಾಂಗಾದ ಕೊನೆಯ ಅಧ್ಯಾಯಗಳಲ್ಲಿ, ಕೂದಲು ಕತ್ತರಿಸಿಕೊಂಡ ಗಿಯು ಅಣ್ಣತಂಗಿಯನ್ನು ನೋಡಿ ನಗುತ್ತಾನೆ. ಅಂಥ ನಗು ಅವನ ಮುಖದಲ್ಲಿ ನೋಡಲು ನಾವು ಅಷ್ಟು ದೂರ ಬರಬೇಕು.

9. ಮೊದಲು ಒಂದು ವಾಕ್ಯ, ಆಮೇಲೆ ಒಂದು ಪ್ಯಾರಾ

ಟಿಪ್ಪಣಿ ಮುಗಿದ ಮೇಲೆ ನೋಟ್‌ಬುಕ್ ಮುಚ್ಚಿ. ನೆನಪಿನಲ್ಲಿ ಉಳಿದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಇಬ್ಬರ ಹೆಸರೂ ಇರಬೇಕು, ‘ಆದರೆ’ ಅನ್ನುವ ಪದವೂ ಇರಬೇಕು. ಆ ವಾಕ್ಯಕ್ಕೆ ಆಧಾರವಾಗಿ ಎರಡೋ ಮೂರೋ ದೃಶ್ಯ ಸಾಕು. ನನ್ನ ಮೊದಲ ಪ್ಯಾರಾ ಹೀಗಿತ್ತು:

‘ಗಿಯುವೂ ಶಿನೋಬುವೂ ಸತ್ತವರ ಬಟ್ಟೆ ತೊಟ್ಟಿದ್ದಾರೆ, ಆದರೆ ಅವನು ಅದರ ಭಾರಕ್ಕೆ ಮಾತು ಬಿಟ್ಟ, ಅವಳು ಅದರ ಮೇಲೆ ಸುಳ್ಳು ನಗುವಿನ ಮುಖವಾಡ ಹಾಕಿಕೊಂಡಳು. ಬೆಟ್ಟದಲ್ಲಿ ಒರಟು ಮಾತಿನವನು ಜೀವ ಉಳಿಸಿದ, ಮೆತ್ತಗಿನ ಮಾತಿನವಳು ಜೀವ ತೆಗೆಯಲು ಬಂದಳು.’

ಬರೆದದ್ದನ್ನು ಸೀರೀಸ್ ನೋಡಿದ ಒಬ್ಬರಿಗಾದರೂ ಓದಿ ಹೇಳಿ. ನಾನು ತಂಗಿಗೆ ಓದಿದೆ. ‘ಸುಳ್ಳು ನಗು’ ಅನ್ನುವಲ್ಲಿ ಅವಳು ತಡೆದಳು. “ಹಾಗಾದ್ರೆ ಆ ಸೋರೆಬುರುಡೆ ನೀರು ಏನಣ್ಣಾ?” ಅಂದಳು. ಹಾಶಿರಾಗಳ ಸಭೆಯಲ್ಲಿ ಹೆಚ್ಚಿನವರು ತಂಜಿರೊಗೆ ಶಿಕ್ಷೆ ಕೊಡಿ ಅನ್ನುತ್ತಿರುವಾಗ, ಮೊದಲು ಅವನ ಮಾತು ಕೇಳೋಣ ಅಂದವಳು ಶಿನೋಬು. ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಸೋರೆಬುರುಡೆಯಲ್ಲಿ ನೋವಿನ ಔಷಧ ಬೆರೆಸಿದ ನೀರು ಕುಡಿಸಿದವಳೂ ಅವಳೇ. ಸಭೆ ಮುಗಿದ ಮೇಲೆ ಅಣ್ಣತಂಗಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಳು. ಹಿಂದಿನ ರಾತ್ರಿ ಅವಳು ಕೊಲ್ಲಲು ಹೋಗಿದ್ದದ್ದು ಅದೇ ನೆಝುಕೊಳನ್ನು.

ನಾನು ಆ ದೃಶ್ಯಕ್ಕೆ ಹಿಂದಿರುಗಿ ಮತ್ತೆ ನೋಡಿದೆ. ತಂಗಿ ಹೇಳಿದ್ದು ಸರಿ. ‘ಸುಳ್ಳು ನಗುವಿನ ಮುಖವಾಡ’ ಅನ್ನುವುದನ್ನು ಹೊಡೆದುಹಾಕಿ ಹೀಗೆ ಬರೆದೆ: ‘ಅವಳು ಅಕ್ಕನ ನಗುವನ್ನು ಎರವಲು ತಂದು, ಒಳಗೆ ಕೋಪ ಕುದಿಯುತ್ತಿರುವಾಗಲೂ ಅದನ್ನು ದಿನಾ ಬಿಡದೆ ಬಳಸಿದಳು. ಒಂದೊಂದು ಸಲ ಅದು ನಿಜವಾಗಲೂ ಅವಳದೇ ಆಯಿತು.’